ಹಿನಾಬ್ ಕಡೆಯ ಕಲ್ಲು

ಮಾರ್ಚ್ 12, ಮಂಗಳವಾರ

ಶಾಲೆಯವರ ಪದವಿ ಸಮಾರಂಭದ ಕಪ್ಪು ಗೌನುಗಳಲ್ಲಿ ಅರ್ಧ ಇನ್ನೂ ಬಾಕಿ. ಕರೆಂಟು ಎರಡು ಸಲ ಹೋಯಿತು. ಕಾಲಲ್ಲೇ ಹೊಲಿಗೆ ಮೆಷಿನ್ ತುಳಿದೆ. ಸೆಕೆ... ಕಪ್ಪು ಬಟ್ಟೆ ಮುಟ್ಟಿದರೆ ಸುಡುತ್ತದೆ. ಜನವರಿಯಿಂದ ನೆಟ್ಟಗೆ ಮಳೆ ಇಲ್ಲ. ನಮ್ಮ ಸಮಾರ್ ದ್ವೀಪದಲ್ಲಿ ಹೀಗೆ ಆಗಿದ್ದು ನೆನಪಿಲ್ಲ. ನನಾಯ್ ಬಾವಿ ಇಣುಕಿ ಬಂದು, "ತಳ ಕಾಣ್ತಿದೆ ನೀಡಾ," ಎಂದರು. ಮದುವೆಯಾದ ದಿನದಿಂದ ಅತ್ತೆಯನ್ನು ನನಾಯ್ ಎಂದೇ ಕರೆದದ್ದು. ಅಮ್ಮ ಎಂದ ಹಾಗೆ. ಈಗ ಮನೆಯಲ್ಲಿ ನಾವಿಬ್ಬರೇ.

ಮಧ್ಯಾಹ್ನ ಜೂನ್‌ರೆಯ್ ಬಂದ. ಟ್ರೈಸಿಕಲ್ ರಿಪೇರಿ ಅಂಗಡಿಯವನು. ಗುಹೆ ಕ್ಲಬ್ಬಿನಲ್ಲಿ ಈಗ ಎಲ್ಲರಿಗಿಂತ ಮುಂದೆ ನುಗ್ಗುವವನು ಅವನೇ. ಕ್ಲಬ್ಬಿನ ಟಾರ್ಪಾಲಿನ ಚೀಲ ತಂದಿದ್ದ. ತಳ ಪೂರ್ತಿ ಹರಿದಿತ್ತು. ಐದು ವರ್ಷದಿಂದ ನಾನು ಗುಹೆಗೆ ಹೋಗಿಲ್ಲ. ಚೀಲ ಮಾತ್ರ ಹೊಲಿದುಕೊಡುತ್ತೇನೆ. ಕ್ಲಬ್ಬಿನ ಚಿಕ್ಕವರಿಗೆ ನಾನು ಈಗಲೂ ಮನಾಯ್, ಅಂದರೆ ಅಕ್ಕ.

"ಏನ್ ಮಾಡಿದ್ರೋ ಇದಕ್ಕೆ? ಎಮ್ಮೆ ಹತ್ರ ತುಳಿಸಿದ್ರಾ?"

"ಇಕ್ಕಟ್ಟು ಜಾಗ ಮನಾಯ್. ಎಳೆದ್ವಿ."

"ಎಲ್ಲಿ?"

ಕತ್ತರಿ ತಗೊಂಡು ಉಗುರು ನೋಡಿಕೊಂಡ.

"ಹಿನಾಬ್‌ನಲ್ಲಿ."

ಮೆಷಿನ್ ನಿಲ್ಲಿಸಿದೆ. ನದಿ ಬೆಟ್ಟದ ಈ ಕಡೆ ಉಗ್ಬಾನ್ ಗುಹೆಯೊಳಗೆ ಹೋಗುತ್ತದೆ. ಆ ಕಡೆ ಹಿನಾಬ್ ಗುಹೆಯಿಂದ ಹೊರಗೆ ಬರುತ್ತದೆ. ನಡುವೆ ಏನಿದೆ ಎಂದು ಕಂಡವರಿಲ್ಲ. ಉಗ್ಬಾನ್ ಕಡೆಯಿಂದ ಹೋದರೆ ನೀರು ಸೂರಿಗೆ ಮುಟ್ಟುವ ಜಾಗ. ಕ್ಲಬ್ಬಿನವರು ಅದಕ್ಕೆ 'ಗಂಟಲು' ಅನ್ನುತ್ತಾರೆ. ಹಿನಾಬ್ ಕಡೆಯಿಂದ ಹೋದರೆ ಕುಸಿದ ಬಂಡೆಗಳ ರಾಶಿ. ಅರ್ಸೆನ್ ಗಂಟಲಿನೊಳಗೆ ಹೋದ. ನನ್ನ ಗಂಡ. ಈ ಹೆಸರು ಬರೆದು ಎಷ್ಟು ದಿನವಾಯಿತು.

"ಬಂಡೆ ಮಧ್ಯದಿಂದ ಗಾಳಿ ಬರ್ತಿದೆ ಮನಾಯ್. ನೀರು ಇಳಿದಿದ್ದಕ್ಕೆ ಇರ್ಬೇಕು. ಕಲ್ಲು ತೆಗೀತಿದೀವಿ. ನಿಮಗೆ ಹೇಳ್ಬೇಡ ಅಂದಿದ್ರು ಮನೋಯ್ ಪ್ಲಾಸಿಂಗ್."

"ಮತ್ತೆ ಹೇಳಿದ್ಯಲ್ಲ."

"ನೀವು ಎಮ್ಮೆ ಅಂದ್ರಿ. ಬಾಯಿ ಜಾರ್ತು."

ಚೀಲಕ್ಕೆ ಎರಡೆರಡು ಹೊಲಿಗೆ ಹಾಕಿ ಕೊಟ್ಟೆ. ಆಮೇಲೆ ಗೌನಿಗೆ ತೋಳು ತಿರುಗಿಸಿ ಹೊಲಿದೆ. ಬಿಚ್ಚಬೇಕು.

ಮಾರ್ಚ್ 18, ಸೋಮವಾರ. ಸಂಜೆ

ಮನೋಯ್ ಪ್ಲಾಸಿಂಗ್ ಬಂದಿದ್ದ. ಗೇಟಿನಾಚೆಯೇ ನಿಂತ. ಐದು ವರ್ಷದಿಂದ ಹಾಗೆಯೇ. ನನಾಯ್ ಅವನ ಜೊತೆ ಮಾತಾಡುವುದಿಲ್ಲ. ಅವನು ಒಳಗೆ ಕಾಲಿಡುವುದಿಲ್ಲ.

ಪಿ.ಟಿ. ಮೇಷ್ಟ್ರು. ಬಾಗಿಲಷ್ಟು ಅಗಲದ ಮನುಷ್ಯ. ಕ್ಲಬ್ ಕಟ್ಟಿದವನೇ ಅವನು. ಮನೋಯ್ ಅಂದರೆ ಅಣ್ಣ, ನಮಗೆಲ್ಲ ನಿಜಕ್ಕೂ ಅಣ್ಣನೇ. ನಮ್ಮ ಮದುವೆಗೆ ಸಾಕ್ಷಿ ನಿಂತವನು. ಅರ್ಸೆನ್‌ಗೆ ಹಗ್ಗ ಹಿಡಿಯುವುದು ಕಲಿಸಿದವನು.

"ದಾರಿ ಆಯ್ತು ನೀಡಾ."

ಗೇಟು ಹಿಡಿದು ನಿಂತೆ.

"ಜೂನ್‌ರೆಯ್ ನಿನ್ನೆ ಕೊನೇ ಕಲ್ಲು ಒದ್ದ. ಬಿತ್ತು. ಆಚೆ ಕಡೆ ಎಲ್ಲಾ ಸಡಿಲ ಇತ್ತಂತೆ. ನಮ್ಮ ಅದೃಷ್ಟ. ತಲೆ ತೂರ್ಸಿ ನೋಡಿದ. ಮುಂದೆ ದೊಡ್ಡ ಕೋಣೆ ಥರ ಕಾಣುತ್ತಂತೆ."

"ಗಂಟಲಿನ ಹಿಂದಿರೋದಾ?"

"ಅದೇ ಇರ್ಬೇಕು."

"ಒಳಗೆ ಹೋದ್ರಾ?"

"ವಾಪಸ್ ಕರ್ಸಿದೆ. ನಿನ್ನ ಕೇಳ್ದೆ ಹೇಗೆ ಹೋಗೋದು?"

"ನಾನೂ ಬರ್ತೀನಿ."

"ಬೇಡ ನೀಡಾ. ನೀನು ಹಗ್ಗ ಮುಟ್ಟಿ ಐದು ವರ್ಷ ಆಯ್ತು. ಅಲ್ಲಿ ಏನು ಸಿಗುತ್ತೋ, ಹೇಗೆ ಸಿಗುತ್ತೋ..."

"ನಾನೇನು ನಿನ್ನ ಅಪ್ಪಣೆ ಕೇಳ್ತಿಲ್ಲ ಮನೋಯ್. ನೀನು ಹೋಗ್ತೀಯಾ ಒಳಗೆ?"

ಹೊಟ್ಟೆ ತಟ್ಟಿಕೊಂಡ. "ಆ ಕಿಂಡೀಲಿ ನನ್ನ ಒಂದು ತೊಡೆ ಹಿಡಿಸಲ್ಲ."

ಇಬ್ಬರಿಗೂ ನಗು ಬಂತು. ಬಂದಷ್ಟೇ ಬೇಗ ನಿಂತಿತು. ಅವನು ಹೆಲ್ಮೆಟ್ ಹಾಕಿಕೊಂಡು ಬೈಕು ಹತ್ತಿದ.

ಮಾರ್ಚ್ 19, ಮಂಗಳವಾರ

"ಏನಂದ?" ನನಾಯ್ ಕೇಳಿದರು. ಅವನ ಹೆಸರು ಬಾಯಲ್ಲಿ ಬರುವುದಿಲ್ಲ.

ಹೇಳಿದೆ. ಅಂಗಳದಲ್ಲಿ ಒಣಮೀನು ತಿರುವಿ ಹಾಕುತ್ತಿದ್ದರು. ಕೈ ನಿಲ್ಲಿಸಲಿಲ್ಲ.

"ಸಿಕ್ಕಿದ್ರೆ ಕರ್ಕೊಂಬಾ. ಸಿಗ್ಲಿಲ್ಲ ಅಂದ್ರೆ ಸಿಗ್ಲಿಲ್ಲ ಅಂತ ನೀನೇ ಬಂದು ಹೇಳು. ಇನ್ನೊಬ್ಬರ ಬಾಯಿಂದ ಬೇಡ."

ಆ ಮೇ ತಿಂಗಳದ್ದು ನಾನು ಎಲ್ಲೂ ಬರೆದಿಲ್ಲ. ಬರೆದುಬಿಡುತ್ತೇನೆ.

ಅರ್ಸೆನ್ ಬೆನ್ನಿಗೆ ಗಾಳಿ ಸಿಲಿಂಡರ್ ಕಟ್ಟಿಕೊಂಡು, ಚೀಲದಲ್ಲಿ ಸುತ್ತಿಗೆ, ಒಂದು ಮೀನಿನ ಡಬ್ಬಿ ಇಟ್ಟುಕೊಂಡು ಗಂಟಲಿನೊಳಗೆ ಮುಳುಗಿದ. ಆಚೆ ಏನಿದೆ ನೋಡಿ ತಿರುಗಿ ಬರುವುದು, ಅಷ್ಟೇ. ಅವನ ಸೊಂಟಕ್ಕೆ ಕಟ್ಟಿದ ದಾರದ ಈ ತುದಿ ಮನೋಯ್ ಕೈಯಲ್ಲಿ. ಮೇಲೆ ಬೆಟ್ಟದಲ್ಲಿ ಮಳೆ ಸುರಿದದ್ದು ಒಳಗಿದ್ದವರಿಗೆ ಗೊತ್ತಿಲ್ಲ. ನೀರು ಕೆಂಪಾಗಿ ಬಂತು. ದಾರ ಬಿಗಿಯಾಯಿತು. ಆಮೇಲೆ ಸಡಿಲವಾಯಿತು. ಎಳೆದರೆ ಹಿಂಜಿದ ತುದಿ ಬಂತು. ಮನೋಯ್ ಕುತ್ತಿಗೆವರೆಗೆ ನೀರು ಬಂದರೂ ಅಲ್ಲೇ ನಿಂತಿದ್ದನಂತೆ. ಉಳಿದವರು ಎಳೆದು ತಂದರು.

ಸೆಬು ದ್ವೀಪದಿಂದ ಮುಳುಗುಗಾರರು ಬಂದರು. ತಮ್ಮ ಕೈ ತಮಗೇ ಕಾಣದಷ್ಟು ಕೆಸರು. ಗಂಟಲಿನ ತುಂಬ ಮರದ ದಿಮ್ಮಿ. ಒಬ್ಬ ಸಿಕ್ಕಿಹಾಕಿಕೊಂಡು ಹೆಣವಾಗಿ ಬರುತ್ತಿದ್ದ, ಹೇಗೋ ಉಳಿದ. ವಾರ ಕಳೆಯಿತು. ಮತ್ತೊಂದು ಬಿರುಗಾಳಿಯ ಸೂಚನೆ ಬಂತು. ಮನೋಯ್ ಹೊರಗೆ ಬಂದು ಎಲ್ಲರೆದುರು ಹೇಳಿದ, ಸಾಕು, ನಿಲ್ಲಿಸೋಣ.

ನನಾಯ್ ಅವನ ಕಾಲು ಹಿಡಿದರು. "ಇನ್ನೊಂದೇ ದಿನ ಪ್ಲಾಸಿಂಗ್."

"ಇನ್ನೊಬ್ಬ ತಾಯಿ ಮಗನ್ನ ನಾನು ಕಳಿಸಲ್ಲ ನನಾಯ್," ಎಂದ.

ಅವನು ಹೇಳಿದ್ದು ಸರಿ. ಸಿಲಿಂಡರಿನಲ್ಲಿದ್ದ ಗಾಳಿ ಒಂದು ಗಂಟೆಯದ್ದು. ನಾನು ಆಗಲೂ ಸರಿ ಎಂದೆ. ಆಮೇಲೂ ನನಾಯ್‌ಗೆ ಅದನ್ನೇ ಹೇಳುತ್ತ ಬಂದೆ. ಅವರು ಕೇಳಿಸಿಕೊಳ್ಳುತ್ತಾರೆ. ಒಪ್ಪುವುದಿಲ್ಲ.

ಏಪ್ರಿಲ್ 6, ಶನಿವಾರ

ಕ್ಲಬ್ಬಿನ ಹಿತ್ತಲಲ್ಲಿ ಹಗ್ಗದ ಅಭ್ಯಾಸ. ಮಾವಿನ ಮರಕ್ಕೆ ಕಟ್ಟಿದ್ದರು. ಸೊಂಟದ ಪಟ್ಟಿ ಹಾಕಿಕೊಂಡೆ. ಕೊಂಡಿ ಸೇರಲಿಲ್ಲ.

"ಪಟ್ಟಿ ಕುಗ್ಗಿದೆಯಾ ಮನಾಯ್, ಇಲ್ಲಾ..." ಜೂನ್‌ರೆಯ್.

"ಮಾತು ಪೂರ್ತಿ ಮಾಡು ನೋಡೋಣ. ನಿನ್ನ ಮದುವೆ ಪ್ಯಾಂಟು ಹೊಲಿಯೋಳು ನಾನೇ. ಎಲ್ಲಿ ಬಿಗಿ ಮಾಡ್ಬೇಕು ಗೊತ್ತು ನಂಗೆ."

ಗ್ರೆಚೆಲ್ ಬಿದ್ದು ಬಿದ್ದು ನಕ್ಕಳು. ಆರೋಗ್ಯ ಕೇಂದ್ರದ ನರ್ಸು ಅವಳು. ಕ್ಲಬ್ಬಿಗೆ ಸೇರಿ ಎರಡು ವರ್ಷ. ಅರ್ಸೆನ್‌ನನ್ನು ಕಂಡವಳಲ್ಲ. ಅದೇ ಒಳ್ಳೆಯದು ಎಂದು ಅವಳನ್ನು ನಮ್ಮ ಜೊತೆ ಹಾಕಿದ್ದಾನೆ ಮನೋಯ್. ಕಿಂಡಿ ದಾಟುವವರು ನಾವು ಮೂವರು. ನೀರು ಪೂರ್ತಿ ಇಳಿದಿದ್ದರೆ ಗಂಟಲು ದಾಟಿ ಉಗ್ಬಾನ್ ಕಡೆ ಹೊರಗೆ ಬರುವುದು. ಬೆಟ್ಟದ ಈ ಮಗ್ಗುಲಿಂದ ಆ ಮಗ್ಗುಲಿಗೆ. ಕ್ಲಬ್ಬಿನವರು ಹುಟ್ಟಿದಾಗಿನಿಂದ ಕಂಡ ಕನಸು. ಅರ್ಸೆನ್ ಕಂಡದ್ದೂ ಅದನ್ನೇ.

ತೋಳು ಸೋತಿವೆ. ಪೆನ್ನು ಹಿಡಿಯಲಾಗುತ್ತಿಲ್ಲ.

ಏಪ್ರಿಲ್ 20, ಶನಿವಾರ. ಬೆಳಿಗ್ಗೆ, ಹಿನಾಬ್ ಬಾಯಿ

ಊರಿನ ಮುದುಕ ಗುಹೆಯ ಬಾಯಲ್ಲಿ ಒಂದು ಲೋಟ ತೆಂಗಿನ ಸೇಂದಿ ಸುರಿದ. ಒಳಗಿರುವ ಕಾಣದವರಿಗೆ. "ಇವರು ಹೋಗಿ ಬರ್ತಾರೆ, ತಡೀಬೇಡಿ," ಎಂದ. ಉಳಿದದ್ದು ತಾನು ಕುಡಿದ. ಬಾಳೆಎಲೆಯ ಅನ್ನ ಕಟ್ಟಿಕೊಂಡಿದ್ದೇವೆ. ಮನೋಯ್ ಎಲ್ಲರ ಲೈಟು ಎರಡೆರಡು ಸಲ ನೋಡಿದ. ನನ್ನ ಹೆಲ್ಮೆಟಿನ ಪಟ್ಟಿ ತಾನೇ ಬಿಗಿದ. ಮಗುವಿಗೆ ಟೋಪಿ ಹಾಕಿದ ಹಾಗೆ.

ಹೊರಟೆವು.

ಏಪ್ರಿಲ್ 20. ಸಂಜೆ

ಸಿಕ್ಕಿದ.

ಇವತ್ತು ಬರೆಯಲಾರೆ.

ಏಪ್ರಿಲ್ 23, ಮಂಗಳವಾರ

ಈಗ ಬರೆಯುತ್ತೇನೆ. ಒಂದೇ ಸಲಕ್ಕೆ. ತಿರುಗಿ ಓದುವುದಿಲ್ಲ.

ಮೊದಲು ನದಿಯಲ್ಲೇ ನಡಿಗೆ, ಮೊಣಕಾಲು ನೀರು. ಬಾವಲಿಗಳ ವಾಸನೆ. ಆಮೇಲೆ ಹಗ್ಗ ಹತ್ತುವುದು. ಕೈಕಾಲು ಏನನ್ನೂ ಮರೆತಿರಲಿಲ್ಲ. ಹಗ್ಗದ ಮೇಲೆ ತೂಗುತ್ತ ಒಂದು ಗಳಿಗೆ ಖುಷಿಯಾಯಿತು. ಖುಷಿಯಾಯಿತಲ್ಲ ಎಂದು ಸಿಟ್ಟೂ ಬಂತು. ಬಿಳಿಕಲ್ಲು ಪರದೆಯ ಹಾಗೆ ಇಳಿಬಿದ್ದ ಕಡೆ ಕೂತು ಅನ್ನ ತಿಂದೆವು.

ಬಂಡೆರಾಶಿ. ಅದರ ಬುಡದಲ್ಲಿ ಕಿಂಡಿ. ಮನೋಯ್ ಪಕ್ಕದಲ್ಲಿ ಕೂತ. "ಇಲ್ಲೇ ಇರ್ತೀನಿ. ಎಷ್ಟು ಹೊತ್ತಾದ್ರೂ."

ಜೂನ್‌ರೆಯ್ ಮುಂದೆ, ನಾನು ನಡುವೆ, ಹಿಂದೆ ಗ್ರೆಚೆಲ್. ಉಸಿರು ಪೂರ್ತಿ ಬಿಟ್ಟರೆ ಮಾತ್ರ ಎದೆ ಸರಿಯುತ್ತದೆ. ಎರಡು ಮೊಳ ದಾಟಿದ ಮೇಲೆ ಸ್ವಲ್ಪ ಅಗಲವಾಯಿತು. ತೆವಳುವಷ್ಟು. ಎರಡೂ ಪಕ್ಕ ಕಲ್ಲು. ಅದರ ಮೇಲೆ ನನ್ನ ಲೈಟು ಬಿತ್ತು.

ಜೋಡಿಸಿದ ಕಲ್ಲು. ದೊಡ್ಡದು ಕೆಳಗೆ, ಸಣ್ಣದು ಮೇಲೆ. ಸಂದಿಗಳಿಗೆ ಚಕ್ಕೆ ತುರುಕಿದ್ದು.

ಅರ್ಸೆನ್ ಗೋಡೆ ಕಟ್ಟುವ ಕೆಲಸದವನು. ಅವನು ಕಟ್ಟಿದ ಗೋಡೆಗಳ ನಡುವೆಯೇ ಬದುಕಿದ್ದೇನೆ. ಹಿತ್ತಲಲ್ಲಿ ಹಂದಿಗೂಡಿನ ಗೋಡೆ ಹೀಗೆಯೇ ಇದೆ. ಪ್ರವಾಹ ಕಲ್ಲನ್ನು ಹೀಗೆ ಜೋಡಿಸುವುದಿಲ್ಲ.

"ಮನಾಯ್, ಸಿಕ್ಕಿಹಾಕ್ಕೊಂಡ್ರಾ?" ಹಿಂದಿನಿಂದ ಗ್ರೆಚೆಲ್.

"ಇಲ್ಲ," ಎಂದೆ. ಮುಂದೆ ತೆವಳಿದೆ.

ಕೋಣೆ ದೊಡ್ಡದು. ಒಂದು ಮಗ್ಗುಲಲ್ಲಿ ಕಪ್ಪು ನೀರು, ಅದೇ ಗಂಟಲಿನ ಹಿಂಭಾಗ. ಈಗ ಸೂರಿಗೂ ನೀರಿಗೂ ನಡುವೆ ಒಂದು ಗೇಣು ಗಾಳಿ. ಇನ್ನೊಂದು ಮಗ್ಗುಲಲ್ಲಿ ಎತ್ತರಕ್ಕೆ ಮರಳು. ಅಲ್ಲಿದ್ದ.

ಗಾಳಿಗೆ ಅಡ್ಡ ಮೊಣಕಾಲೆತ್ತರದ ಗೋಡೆ ಕಟ್ಟಿಕೊಂಡಿದ್ದ. ಮರಳು ಸಮ ಮಾಡಿ ಹಾಸಿಗೆ ಮಾಡಿಕೊಂಡಿದ್ದ. ಮಗ್ಗುಲಾಗಿ, ಮಂಡಿ ಮಡಚಿ. ಮನೆಯಲ್ಲೂ ಹಾಗೆಯೇ ಮಲಗುತ್ತಿದ್ದ. ಹೆಲ್ಮೆಟು ತಲೆಯ ಹತ್ತಿರ. ಪಕ್ಕದಲ್ಲಿ ಸುತ್ತಿಗೆ, ಮೂತಿ ಸವೆದು ದುಂಡಗಾಗಿತ್ತು. ಮೀನಿನ ಖಾಲಿ ಡಬ್ಬಿ. ಸೂರಿನಿಂದ ತೊಟ್ಟಿಕ್ಕುವ ಕಡೆ ಅದನ್ನು ಇಟ್ಟಿದ್ದ. ಈಗಲೂ ತೊಟ್ಟಿಕ್ಕುತ್ತಿತ್ತು. ಡಬ್ಬಿ ತುಂಬಿ ತುಳುಕುತ್ತಿತ್ತು.

ಒಂದು ಚಪ್ಪಟೆ ಕಲ್ಲಿನ ಮೇಲೆ ಕಾಲುಚೀಲ. ಎರಡನ್ನೂ ಪಕ್ಕಪಕ್ಕ ಬಿಡಿಸಿ ಒಣಗಲು ಹಾಕಿದ್ದ.

ಮೂಳೆ ನೋಡಿ ನನಗೆ ಏನೂ ಆಗಲಿಲ್ಲ. ಕಾಲುಚೀಲ ನೋಡಿ ಕೂತುಬಿಟ್ಟೆ. ನಡೆದು ಮನೆಗೆ ಹೋಗುತ್ತೇನೆ ಎನ್ನುವವನು ತಾನೇ ಕಾಲುಚೀಲ ಒಣಗಿಸುವುದು.

ಗ್ರೆಚೆಲ್ ತುಂಬ ಹೊತ್ತು ಅವನ ಹತ್ತಿರ ಬಗ್ಗಿದ್ದಳು. ಮುಟ್ಟಲಿಲ್ಲ.

"ಏನೂ ಮುರಿದಿಲ್ಲ," ಎಂದಳು.

"ಎಷ್ಟು ದಿನ ಇದ್ದಿರ್ಬಹುದು?"

"ಮನಾಯ್..."

"ನರ್ಸಮ್ಮ, ನಾನು ನಿನ್ನ ಕೇಳಿದ್ದು."

"ಕುಡಿಯೋಕೆ ನೀರಿತ್ತು. ಅಷ್ಟು ಕಲ್ಲು ತೆಗ್ದಿದ್ದಾರೆ. ಎರಡು ವಾರ ಖಂಡಿತ. ಮೂರೂ ಇರ್ಬಹುದು."

ಜೂನ್‌ರೆಯ್ ತಿರುಗಿ ಸುರಂಗದೊಳಗೆ ಹೋಗಿದ್ದ. ಬಂದು ನಿಂತ. ಮುಖ ಕಾಣಬಾರದೆಂದು ಲೈಟು ಆರಿಸಿದ.

"ಆಚೆಯಿಂದ ನಾನು ತೆಗ್ದಿದ್ದು ಎರಡು ಮೊಳ, ಅಷ್ಟೇ ಮನಾಯ್. ಉಳಿದಿದ್ದೆಲ್ಲಾ ಅವರು ತೆಗ್ದು ಇಟ್ಟಿದ್ರು. ಅದಕ್ಕೇ ಸಡಿಲ ಇತ್ತು. ನಾನು...ನಾನು ಅದೃಷ್ಟ ಅಂದೆ."

ಲೈಟು ಮುಗಿದ ಮೇಲೂ ತೆಗೆದಿರಬೇಕು. ಕತ್ತಲಲ್ಲಿ, ಕೈಯಲ್ಲಿ ತಡವಿ. ತೆಗೆದ ಒಂದೊಂದು ಕಲ್ಲನ್ನೂ ಬಿಸಾಡದೆ ಜೋಡಿಸಿದ್ದಾನೆ. ಒಳಗೆ ಬಂದವರಿಗೆ ದಾರಿ ಇರಲಿ ಎಂದು.

ಎಷ್ಟು ಹೊತ್ತು ಕೂತೆನೋ. ಎದ್ದಾಗ ಒಂದೇ ಯೋಚನೆ. ಕಿಂಡಿಯಾಚೆ ಕೂತಿರುವ ಮನೋಯ್. ಅವನು ಇಲ್ಲಿಗೆ ಯಾವತ್ತೂ ಬರಲಾರ. ನಾವು ಹೇಳಿದ್ದಷ್ಟೇ ಅವನಿಗೆ ಗೊತ್ತಾಗುವುದು.

"ನೀರಿನ ಅಂಚಲ್ಲಿ ಸಿಕ್ಕಿದ. ತಕ್ಷಣ ಹೋಗಿದಾನೆ. ಹೀಗೆ ಹೇಳ್ಬೇಕು ಇಬ್ಬರೂ," ಎಂದೆ.

ಜೂನ್‌ರೆಯ್ ತಲೆಯಾಡಿಸಿದ.

"ಸುಳ್ಳು ಹೇಳ್ಬೇಕಾ?" ಗ್ರೆಚೆಲ್ ಕೇಳಿದಳು.

"ಹೂಂ. ಒಂದು ವಾರಕ್ಕೆ ನಿಲ್ಸಿದೋನು ಅವನು. ಇದು ಗೊತ್ತಾದ್ರೆ ಉಳೀತಾನಾ?"

ಕಾಲುಚೀಲ ನನ್ನ ಅಂಗಿಯೊಳಗೆ ಇಟ್ಟುಕೊಂಡೆ. ಆಚೆ ದಾಟುವ ಮಾತನ್ನು ಯಾರೂ ಎತ್ತಲಿಲ್ಲ. ಬಂದ ದಾರಿಯಲ್ಲೇ ತೆವಳಿದೆವು.

ಮನೋಯ್ ಕಿಂಡಿಯೊಳಗೆ ಕೈ ಚಾಚಿ ನನ್ನನ್ನು ಎಳೆದುಕೊಂಡ.

"ಸಿಕ್ಕಿದ್ನಾ?"

"ಸಿಕ್ಕಿದ. ನೀರಿನ ಅಂಚಲ್ಲೇ."

"ಬೇಗ ಹೋದ್ನಾ?"

"ಬೇಗ ಮನೋಯ್. ಗೊತ್ತೇ ಆಗಿರಲ್ಲ ಅವನಿಗೆ."

ನನ್ನನ್ನು ನೋಡಲಿಲ್ಲ. ಕಲ್ಲನ್ನು ನೋಡುತ್ತಿದ್ದ.

"ಸರಿ," ಎಂದ. "ಸರಿ ನೀಡಾ. ಅನ್ನ ಉಳಿಸಿದೀನಿ. ತಿನ್ನಿ."

ಮರುದಿನ ಊರ ಆಡಳಿತ ನೋಡುವ ಕ್ಯಾಪ್ಟನ್‌ಗೆ ಹೇಳಿ, ಬರೆಸುವುದನ್ನೆಲ್ಲ ಬರೆಸಿ, ನಾವೇ ಹೋಗಿ ಅವನನ್ನು ತಂದೆವು. ನಾನು ಹೊಲಿದ ಚೀಲದಲ್ಲಿ. ಎಷ್ಟು ಹಗುರ.

ಏಪ್ರಿಲ್ 27, ಶನಿವಾರ

ಮಣ್ಣು ಮಾಡಿದೆವು. ಐದು ವರ್ಷದ ಹಿಂದೆ ಅವನ ಅಂಗಿ ಇಟ್ಟು ಹೂತ ಪೆಟ್ಟಿಗೆಯ ಪಕ್ಕದಲ್ಲೇ.

ನನಾಯ್‌ಗೂ ಅದನ್ನೇ ಹೇಳಿದ್ದೇನೆ. ನೀರಿನ ಅಂಚು, ಬೇಗ. "ಅವನಪ್ಪನೂ ಹಾಗೇ ಹೋದ್ರು," ಎಂದರು. ಮೀನಿಗೆ ಹೋಗಿ ಮುಳುಗಿದವರು ಮಾವ. ನನಾಯ್ ಅಳಲಿಲ್ಲ. ತಲೆಬುರುಡೆಯನ್ನು ತಾವೇ ಒರೆಸಿದರು, ಬೆಳಿಗ್ಗೆ ಮಗುವಿಗೆ ಮುಖ ಒರೆಸುವ ಹಾಗೆ, ಕಿವಿಯ ಹಿಂದೆಯೂ.

ಮನೋಯ್ ದೂರದಲ್ಲಿ ನಿಂತಿದ್ದ. ಪೆಟ್ಟಿಗೆ ಹೊರಲು ಜನ ಕರೆದರು, ಬರಲಿಲ್ಲ. ಕ್ಲಬ್ಬಿನವರು ಯಾರೋ ನಗರದಿಂದ ಬಂದವರು, "ಎರಡು ಗುಹೆ ಸೇರಿಸಿದ್ರಲ್ಲ ಮೇಷ್ಟ್ರೇ, ದೊಡ್ಡ ಸಾಧನೆ," ಎಂದರು. ಅವನು ಅವರ ಕೈ ಕುಲುಕಿ ಹೊರಟುಹೋದ.

ಮೇ 1, ಬುಧವಾರ

ಕೈ ಇನ್ನೂ ಉರಿಯುತ್ತಿದೆ.

ಮಧ್ಯಾಹ್ನ ಮೆಷಿನ್ ಹತ್ತಿರ ಕೂತಿದ್ದೆ. ಗೇಟು ಸದ್ದಾಯಿತು. ಮನೋಯ್. ಇವತ್ತು ನಿಲ್ಲಲಿಲ್ಲ, ಒಳಗೆ ಬಂದ. ಗಿರಾಕಿಗಳ ಬೆಂಚಿನ ಮೇಲೆ ಕೂತ. ಬೆಂಚು ಕಿರುಗುಟ್ಟಿತು. ಗಡ್ಡ ಬೋಳಿಸಿರಲಿಲ್ಲ.

"ನೀನು ಹೇಳಿದ್ದನ್ನ ನಂಬ್ಬೇಕು ಅಂತ ತುಂಬಾ ನೋಡ್ದೆ ನೀಡಾ. ಆಗ್ಲಿಲ್ಲ."

"ಏನು ನಂಬಕ್ಕಾಗ್ಲಿಲ್ಲ?"

"ನೀವು ಒಳಗೆ ಹೋದ್ಮೇಲೆ ನಂಗೇನು ಕೆಲ್ಸ? ಲೈಟ್ ಹಾಕ್ಕೊಂಡು ಕಲ್ಲು ನೋಡ್ತಾ ಕೂತೆ. ಕಿಂಡಿ ಒಳಗಡೆ, ಕೈ ಚಾಚಿದ್ರೆ ಸಿಗೋ ಅಷ್ಟು ದೂರದಲ್ಲಿ, ಸುತ್ತಿಗೆ ಏಟು. ಜೂನ್‌ರೆಯ್ ಹೊಡೆದದ್ದಲ್ಲ. ಆಚೆಯಿಂದ ನನ್ನ ಕಡೆಗೆ ಹೊಡೆದದ್ದು."

ಬಟ್ಟೆ ಕೆಳಗಿಟ್ಟೆ.

"ಮುಟ್ಟಿ ಮುಟ್ಟಿ ನೋಡ್ದೆ. ಒಂದಲ್ಲ, ಎರಡಲ್ಲ. ನೀನು ಬರೋ ಹೊತ್ತಿಗೆ ನಂಗೆಲ್ಲಾ ಗೊತ್ತಿತ್ತು."

"ಮತ್ತೆ ಬೇಗ ಹೋದ್ನಾ ಅಂತ ಯಾಕೆ ಕೇಳ್ದೆ?"

"ನೀನು ಬೈತೀಯ ಅಂತ. ನೀನು ಕನಿಕರ ಪಟ್ಟೆ. ಅದನ್ನ ತಗೊಂಡು ನಾನೇನು ಮಾಡ್ಲಿ ನೀಡಾ?"

ಹೊರಗೆ ಐಸ್ ಕ್ಯಾಂಡಿಯವನ ಗಂಟೆ.

"ಆ ವಾರ ಉಗ್ಬಾನ್ ಬಾಯಲ್ಲಿ ಜಾತ್ರೆ ಥರ ಜನ ಇದ್ರು," ಎಂದ. "ಒಬ್ಬನ್ನ ಹಿನಾಬ್ ಕಡೆ ಕಳಿಸಿದ್ರೆ ಸಾಕಿತ್ತು. ಏನೂ ಮಾಡೋದು ಬೇಡ. ಕಲ್ಲಿಗೆ ಕಿವಿ ಇಟ್ಟು ಕೂತಿದ್ರೆ ಕೇಳ್ತಿತ್ತು. ನಂಗೆ ಹೊಳೀಲಿಲ್ಲ. ಮೂವತ್ತು ವರ್ಷ ಗುಹೆ ಸುತ್ತಿದೋನಿಗೆ ಹೊಳೀಲಿಲ್ಲ."

ಆಗ ಬಂತು. ಇಷ್ಟು ದಿನ ಎಲ್ಲಿತ್ತೋ. ಅಳತೆಯ ಮರದ ಸ್ಕೇಲು ಕೈಗೆ ಸಿಕ್ಕಿತು. ಹೊಡೆದೆ. ಭುಜಕ್ಕೆ, ಬೆನ್ನಿಗೆ, ಎಲ್ಲಿ ಬಿತ್ತೋ ಅಲ್ಲಿ. ಅವನು ತಲೆ ತಗ್ಗಿಸಿ ಕೂತಿದ್ದ. ಸ್ಕೇಲು ಮುರಿಯಿತು. ಅಂಗೈಯಲ್ಲಿ ಹೊಡೆದೆ. "ಯಾಕೆ ನಿಲ್ಸಿದೆ, ಯಾಕೆ ನಿಲ್ಸಿದೆ," ಎನ್ನುವುದೊಂದೇ ಬಾಯಲ್ಲಿ. ಅವನು ಮಾಡಿದ್ದು ಸರಿ ಎಂದು ಇಷ್ಟು ವರ್ಷ ಹೇಳಿದವಳು ನಾನು. ಈಗಲೂ ಸರಿಯೇ. ಸರಿಯಾದದ್ದರಿಂದಲೇ ಹೊಡೆದೆನೋ ಏನೋ.

ಕೈ ಸೋತು ನಿಂತಾಗ ಬಾಗಿಲಲ್ಲಿ ನನಾಯ್. ಎಷ್ಟು ಹೊತ್ತಿನಿಂದ ನಿಂತಿದ್ದರೋ.

"ಅವನಿಗೆ ಕುಡಿಯೋಕೆ ನೀರು ಸಿಗ್ತಿತ್ತಾ?" ನನ್ನನ್ನು ಕೇಳಿದರು.

"ಸಿಗ್ತಿತ್ತು ನನಾಯ್."

"ಒಳ್ಳೇ ನೀರಾ?"

"ಸೂರಿಂದ ಬೀಳೋದು. ಒಳ್ಳೇದು."

"ಪೆಟ್ಟಾಗಿತ್ತಾ?"

"ಇಲ್ಲ."

ಗೋಡೆ ಹಿಡಿದುಕೊಂಡು ಬಂದರು. ಮನೋಯ್ ಎದುರು ನಿಂತರು. ಅವನು ಕೂತರೂ ಅವರಷ್ಟೇ ಎತ್ತರ. ಐದು ವರ್ಷದಲ್ಲಿ ಮೊದಲ ಸಲ ಅವನನ್ನು ಹೆಸರು ಹಿಡಿದು ಕರೆದರು.

"ಇವತ್ತು ಹೋಗು ಪ್ಲಾಸಿಂಗ್. ಇವತ್ತು ನಿನ್ನ ಮುಖ ನೋಡಕ್ಕಾಗಲ್ಲ ನಂಗೆ. ನಾಳೆ ಬಾ. ಬರ್ದೆ ಇರ್ಬೇಡ ಮತ್ತೆ. ನಾಳೆ ಬರ್ಲೇಬೇಕು."

ಹೋದ. ಗೇಟು ಹಾಕುವುದನ್ನೂ ಮರೆತು.

ಮೇ 2, ಗುರುವಾರ

ಬಂದ. ನನಾಯ್ ಕಪ್ಪು ಮೇಲುವಸ್ತ್ರ ಹೊದ್ದು, ಚಪ್ಪಲಿ ಹಾಕಿಕೊಂಡು ಬೆಳಿಗ್ಗೆಯಿಂದ ಬೆಂಚಿನ ಮೇಲೆ ಕೂತಿದ್ದರು.

"ಹಿನಾಬ್‌ಗೆ ಕರ್ಕೊಂಡ್ಹೋಗು. ಒಳಗೆ ಬೇಡ. ಬಾಯಿ ತನಕ."

"ನಾನೂ ಬರ್ತೀನಿ," ಎಂದೆ.

"ನೀನು ನೋಡಿದೀಯಲ್ಲ. ಗೌನು ಮುಗ್ಸು."

ಬೈಕಿನ ಮೇಲೆ ಮುಂದೆ ಅಷ್ಟು ದೊಡ್ಡ ಮನುಷ್ಯ, ಹಿಂದೆ ಹಿಡಿಯಷ್ಟು ಮುದುಕಿ. ಅವನ ಅಂಗಿ ಹಿಡಿದುಕೊಂಡಿದ್ದರು. ತಿರುವಿನವರೆಗೂ ನೋಡಿದೆ.

ಸಂಜೆ ಬಂದರು. ಮನೋಯ್ ಅವರನ್ನು ಇಳಿಸಿ, ಹೂಂ ಅಂತ ತಲೆಯಾಡಿಸಿ ಹೋದ. ಅವನ ಕಣ್ಣು ಊದಿತ್ತು. ನನಾಯ್ ಕಾಲಿಗೆ ಕೆಸರು. ನಾನೇ ತೊಳೆದೆ.

"ಬೈದ್ರಾ ಅವನಿಗೆ?"

"ಹೋಗ್ತಾ ದಾರಿ ಉದ್ದಕ್ಕೂ ಬೈದೆ. ಗಾಳಿಗೆ ಅವನಿಗೆ ಅರ್ಧ ಕೇಳ್ಲಿಲ್ಲ. ಏನಂದ್ರಿ ನನಾಯ್, ಏನಂದ್ರಿ ಅಂತ ಕೇಳ್ತಿದ್ದ. ಇನ್ನೊಂದ್ಸಲ ಬೈದೆ."

"ಬರ್ತಾ?"

"ಬರ್ತಾ ಸಾಕಾಯ್ತು."

ಅನ್ನ ಬಡಿಸಿದೆ. ಉಂಡರು. ಕಾಲುಚೀಲ ಕೊಟ್ಟೆ. ಮಡಿಲಲ್ಲಿ ಇಟ್ಟುಕೊಂಡು ಹಿಮ್ಮಡಿ ತೂತಾದ ಕಡೆ ಬೆರಳು ಆಡಿಸುತ್ತಿದ್ದರು. ಅವರು ಮಲಗುವ ಕೋಣೆಗೆ ಹೋದ ಮೇಲೆ ನಾನು ಅತ್ತುಬಿಟ್ಟೆ. ಹಿನಾಬ್‌ನಿಂದ ಬಂದ ಮೇಲೆ ಮೊದಲ ಸಲ.

ಮೇ 5, ಭಾನುವಾರ. ನಾಲ್ಕು ಗಂಟೆ

ಮಣ್ಣು ಮಾಡಿದ ಮೇಲೆ ಮನೆಯಲ್ಲಿ ದಿನಾ ಪ್ರಾರ್ಥನೆ ನಡೆಯುತ್ತಿದೆ. ಸತ್ತವರಿಗೆ ಮಾಡುವ ಒಂಬತ್ತು ದಿನದ್ದು. ಇವತ್ತು ಕೊನೆ. ಕೊನೆಯ ದಿನ ಊಟ ಹಾಕಬೇಕು. ಪಕ್ಕದ ಮನೆಯವರು ಹಂದಿಮಾಂಸ ಹೆಚ್ಚುತ್ತಿದ್ದಾರೆ. ಗ್ರೆಚೆಲ್ ಬಂದು ಈರುಳ್ಳಿ ಸುಲಿಯುತ್ತಿದ್ದಾಳೆ. ಮನೋಯ್ ಬೆಂಚು ಹೊತ್ತು ತಂದ. ನನಾಯ್ ಅವನಿಗೆ ಎಲ್ಲೆಲ್ಲಿ ಇಡಬೇಕೆಂದು ಕೈ ತೋರಿಸುತ್ತಿದ್ದಾರೆ. ಎಲ್ಲಾ ಸರಿಯಾಗಿ ನಡೆಯುತ್ತಿದೆ. ನಾನು ಉಪ್ಪು ತರಲು ಒಳಗೆ ಬಂದವಳು ಇಲ್ಲಿ ಕೂತುಬಿಟ್ಟೆ.

ಎರಡನೆಯ ಸಲ ಇದು. ಹುಡುಕುವುದು ನಿಲ್ಲಿಸಿದ ಸಂಜೆಯೇ ಮೊದಲ ಸಲದ್ದು ಶುರು ಮಾಡಿದ್ದೆವು. ಇದೇ ಕೋಣೆ. ಇದೇ ಹೆಂಗಸರು. ಅವನ ಆತ್ಮಕ್ಕೆ ನಿತ್ಯ ವಿಶ್ರಾಂತಿ ಕೊಡು ಎಂದು ಒಂಬತ್ತು ದಿನ, ಒಂದು ದಿನವೂ ತಪ್ಪಿಸದೆ. ನಾನು ಮುಂದೆ ಮಂಡಿಯೂರಿ ಎಲ್ಲರಿಗಿಂತ ಗಟ್ಟಿಯಾಗಿ ಹೇಳುತ್ತಿದ್ದೆ.

ಅವನು ಬದುಕಿದ್ದ. ಮೊದಲ ದಿನ ಖಂಡಿತ ಬದುಕಿದ್ದ. ಮೂರನೆಯ ದಿನವೂ. ಕೊನೆಯ ದಿನ ಇದ್ದನೋ ಇಲ್ಲವೋ ಗ್ರೆಚೆಲ್‌ಗೂ ಹೇಳಲಾಗುವುದಿಲ್ಲ. ಕೇಳಿದೆ. ನನ್ನ ಕೈ ಹಿಡಿದುಕೊಂಡಳು, ಅಷ್ಟೇ.

ಆ ಕೊನೆಯ ದಿನವೂ ಊಟ ಹಾಕಿದ್ದೆವು. ಯಾರೋ ಅರ್ಸೆನ್‌ನ ಕತೆ ಹೇಳಿದರು, ಅವನು ಯಾರದ್ದೋ ಮನೆಗೆ ಗೋಡೆ ಕಟ್ಟಿ ಬಾಗಿಲು ಬಿಡುವುದನ್ನೇ ಮರೆತದ್ದು. ಎಲ್ಲರೂ ನಕ್ಕರು. ನಾನೂ ನಕ್ಕೆ. ಅಷ್ಟು ದಿನದಲ್ಲಿ ಮೊದಲ ಸಲ. ಪರವಾಗಿಲ್ಲ, ನಗಬಹುದು ನೀಡಾ, ಎಂದು ಹೆಂಗಸರು ಬೆನ್ನು ಸವರಿದರು.

ನನ್ನನ್ನು ಬಲ್ಲವನು ಅವನು. ಕತ್ತಲಲ್ಲಿ ಕಲ್ಲು ಎತ್ತಿ ಇಡುವಾಗ ಅಂದುಕೊಂಡೇ ಇರುತ್ತಾನೆ, ನೀಡಾ ಹೊರಗೆ ನಿಂತಿದ್ದಾಳೆ, ಒಬ್ಬರನ್ನೂ ಮನೆಗೆ ಹೋಗಲು ಬಿಟ್ಟಿರುವುದಿಲ್ಲ ಅವಳು, ನಾನು ಈ ಕಡೆಯಿಂದ ಸ್ವಲ್ಪ ತೆಗೆದರೆ ಅವಳು ಆ ಕಡೆಯಿಂದ

ನನಾಯ್ ಕರೆಯುತ್ತಿದ್ದಾರೆ. ಜನ ಬಂದರು. ಉಪ್ಪು—